ಬಿಲ್ ಫಿಂಗರ್

ಮಿಲ್ಟನ್ ಬಿಲ್ ಫಿಂಗರ್ (ಫೆಬ್ರವರಿ 8, 1914 – ಜನವರಿ 18, 1974) ಅಮೆರಿಕದ ಕಾಮಿಕ್ಸ್ ಲೇಖಕರು. ಚಿತ್ರಕಾರ ಬಾಬ್ ಕೇನ್ ಅವರೊಂದಿಗೆ ಬ್ಯಾಟ್‌ಮ್ಯಾನ್ ಪಾತ್ರವನ್ನು ರೂಪಿಸಿದವರು. ಬ್ಯಾಟ್‌ಮ್ಯಾನ್‌ನ ವೇಷ, ಬ್ರೂಸ್ ವೇಯ್ನ್ ಎಂಬ ಹೆಸರು, ಗಾಥಮ್ ನಗರ, ಹೆತ್ತವರ ಕೊಲೆಯ ಪೂರ್ವಕಥೆ ಹಾಗೂ ಹಲವು ಪ್ರಸಿದ್ಧ ಖಳಪಾತ್ರಗಳ ರಚನೆಯಲ್ಲಿ ಅವರ ಪಾತ್ರ ದೊಡ್ಡದು. ಆದರೂ ಅವರ ಜೀವಿತಕಾಲದಲ್ಲಿ ಬ್ಯಾಟ್‌ಮ್ಯಾನ್ ಸೃಷ್ಟಿಕರ್ತರೆಂದು ಅಧಿಕೃತವಾಗಿ ಮುದ್ರಣವಾಗುತ್ತಿದ್ದುದು ಕೇನ್ ಅವರ ಹೆಸರು ಮಾತ್ರ. ಫಿಂಗರ್ ಅವರ ಹೆಸರು ಆ ಸಾಲಿಗೆ ಸೇರಿದ್ದು ಅವರು ತೀರಿಕೊಂಡ 41 ವರ್ಷಗಳ ನಂತರ, 2015ರಲ್ಲಿ.

ದೀರ್ಘಕಾಲ ನಡೆದುಬಂದ ಸೂಪರ್‌ಹೀರೋ ಕಾಮಿಕ್ಸ್‌ಗಳಲ್ಲಿ ಕರಾಳ ಕಥೆಗಳಿಗೂ ಲಘು ವಿನೋದದ ಕಥೆಗಳಿಗೂ ನಡುವೆ ಸಮತೋಲನ ಹೇಗಿರಬೇಕೆಂಬ ಚರ್ಚೆಯಲ್ಲಿ ಬ್ಯಾಟ್‌ಮ್ಯಾನ್‌ನ ಉದಾಹರಣೆ ಮತ್ತೆ ಮತ್ತೆ ಬರುತ್ತದೆ. ಈ ಪಾತ್ರದ ಕರಾಳ ರೂಪವೇ ಮೂಲವೆಂದೂ, ಲಘು ರೂಪವು ನಂತರದವರು ಸೇರಿಸಿದ್ದೆಂದೂ ಅನೇಕರು ಭಾವಿಸುತ್ತಾರೆ. ಫಿಂಗರ್ ಅವರ ಬರವಣಿಗೆಯ ಇತಿಹಾಸವು ಈ ಭಾವನೆಯನ್ನು ಸಮರ್ಥಿಸುವುದಿಲ್ಲ. 1939ರ ಕತ್ತಲೆಯ ಕಥೆಗಳನ್ನೂ 1950ರ ದಶಕದ ತಮಾಷೆಯ ಕಥೆಗಳನ್ನೂ ಬರೆದವರಲ್ಲಿ ಅವರೇ ಪ್ರಮುಖರು.

ಆರಂಭಿಕ ಜೀವನ

ಫಿಂಗರ್ ಕೊಲೊರಾಡೊ ರಾಜ್ಯದ ಡೆನ್ವರ್ ನಗರದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಲೂಯಿಸ್ ಫಿಂಗರ್ ಆಸ್ಟ್ರಿಯಾ-ಹಂಗೇರಿಯಿಂದ ಅಮೆರಿಕಕ್ಕೆ ವಲಸೆ ಬಂದವರು. ಮುಂದೆ ಕುಟುಂಬವು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗಕ್ಕೆ ಬಂದು ನೆಲೆಸಿತು. ಅಲ್ಲಿ ತಂದೆ ನಡೆಸುತ್ತಿದ್ದ ದರ್ಜಿ ಅಂಗಡಿಯು 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಮುಚ್ಚಿಹೋಯಿತು. ಫಿಂಗರ್ 1933ರಲ್ಲಿ ಬ್ರಾಂಕ್ಸ್‌ನ ಡೆವಿಟ್ ಕ್ಲಿಂಟನ್ ಪ್ರೌಢಶಾಲೆಯಲ್ಲಿ ವಿದ್ಯಾಭ್ಯಾಸ ಮುಗಿಸಿದರು. ಬಾಬ್ ಕೇನ್, ವಿಲ್ ಐಸ್ನರ್ ಮತ್ತು ಸ್ಟ್ಯಾನ್ ಲೀ ಸಹ ಅದೇ ಶಾಲೆಯ ವಿದ್ಯಾರ್ಥಿಗಳು.

ಬರಹಗಾರನಾಗಬೇಕೆಂಬ ಹಂಬಲವಿದ್ದರೂ ಫಿಂಗರ್ ಜೀವನೋಪಾಯಕ್ಕಾಗಿ ಪಾದರಕ್ಷೆ ಮಾರಾಟಗಾರರಾಗಿ ಅರೆಕಾಲಿಕ ಕೆಲಸ ಮಾಡುತ್ತಿದ್ದರು. 1938ರ ಸುಮಾರಿಗೆ ಔತಣಕೂಟವೊಂದರಲ್ಲಿ ಕೇನ್ ಅವರ ಪರಿಚಯವಾಯಿತು. ಕೇನ್ ಆಗ ಸಣ್ಣಪುಟ್ಟ ಸಾಹಸ ಕಾಮಿಕ್ಸ್‌ಗಳನ್ನು ಚಿತ್ರಿಸುತ್ತಿದ್ದರು. ಅವುಗಳಿಗೆ ಕಥೆ ಬರೆದುಕೊಡುವ ಕೆಲಸವನ್ನು ಫಿಂಗರ್ ಒಪ್ಪಿಕೊಂಡರು. ಬರೆದವರು ಫಿಂಗರ್ ಆದರೂ ಮುದ್ರಣವಾಗುತ್ತಿದ್ದ ಹೆಸರು ಕೇನ್ ಅವರದು. ಅಂದಿನ ಕಾಮಿಕ್ಸ್ ಉದ್ಯಮದಲ್ಲಿ ಇದು ಸಾಮಾನ್ಯ ಪದ್ಧತಿಯಾಗಿತ್ತು.

ಬ್ಯಾಟ್‌ಮ್ಯಾನ್ ಸೃಷ್ಟಿ

1938ರಲ್ಲಿ ಆ್ಯಕ್ಷನ್ ಕಾಮಿಕ್ಸ್ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಸೃಷ್ಟಿಸಿದ ಸೂಪರ್‌ಮ್ಯಾನ್ ಕಾಣಿಸಿಕೊಂಡು ಅಪಾರ ಜನಪ್ರಿಯತೆ ಗಳಿಸಿದನು. ಮುಂದೆ ಡಿಸಿ ಕಾಮಿಕ್ಸ್ ಎಂದು ಹೆಸರಾದ ಆ ಪ್ರಕಾಶನ ಸಂಸ್ಥೆಯ ಸಂಪಾದಕ ವಿನ್ ಸಲ್ಲಿವನ್ ಅಂತಹುದೇ ಮತ್ತೊಬ್ಬ ನಾಯಕನಿಗಾಗಿ ಹುಡುಕುತ್ತಿದ್ದರು. ಕೇನ್ ಬಾವಲಿ ಮನುಷ್ಯನೊಬ್ಬನ ಚಿತ್ರವನ್ನು ಬರೆದು ಫಿಂಗರ್ ಅವರಿಗೆ ತೋರಿಸಿದರು. ಆ ಚಿತ್ರದಲ್ಲಿ ನಾಯಕನು ಕೆಂಪು ಉಡುಪು ಧರಿಸಿದ್ದು, ಕಣ್ಣಿನ ಸುತ್ತ ಸಣ್ಣ ಮುಖವಾಡವನ್ನೂ ಬೆನ್ನಿಗೆ ಬಿರುಸಾದ ರೆಕ್ಕೆಗಳನ್ನೂ ಕಟ್ಟಿಕೊಂಡಿದ್ದನು.

ಫಿಂಗರ್ ನಿಘಂಟಿನಲ್ಲಿದ್ದ ಬಾವಲಿಯ ಚಿತ್ರವನ್ನು ತೋರಿಸಿ ಅದರ ಕಿವಿಗಳನ್ನು ಗಮನಿಸುವಂತೆ ಸೂಚಿಸಿದರು. ಸಣ್ಣ ಮುಖವಾಡದ ಬದಲು ಚೂಪಾದ ಕಿವಿಗಳಿರುವ ಮುಸುಕು, ರೆಕ್ಕೆಗಳ ಬದಲು ಅಂಚು ಕತ್ತರಿಸಿದಂತಿರುವ ಹೊದಿಕೆ, ಕೆಂಪಿನ ಬದಲು ಬೂದು ಮತ್ತು ಕಪ್ಪು ಬಣ್ಣ, ಕೈಗವಸು, ಪಾಪೆಗಳಿಲ್ಲದ ಬಿಳಿಯ ಕಣ್ಣುಗಳು ಇವೆಲ್ಲವೂ ಫಿಂಗರ್ ಅವರ ಸಲಹೆಗಳು. ಸ್ಕಾಟ್ಲೆಂಡಿನ ದೊರೆ ರಾಬರ್ಟ್ ದ ಬ್ರೂಸ್ ಹಾಗೂ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೇನಾನಿ ಆ್ಯಂಟನಿ ವೇಯ್ನ್ ಅವರ ಹೆಸರುಗಳನ್ನು ಸೇರಿಸಿ ನಾಯಕನಿಗೆ ಬ್ರೂಸ್ ವೇಯ್ನ್ ಎಂದು ಹೆಸರಿಟ್ಟರು. ಗಾಥಮ್ ಎಂಬ ನಗರದ ಹೆಸರು ದೂರವಾಣಿ ಕೈಪಿಡಿಯಲ್ಲಿ ಕಂಡ ಆಭರಣದ ಅಂಗಡಿಯೊಂದರ ಹೆಸರಿನಿಂದ ಬಂದಿತು. ಈ ಚರ್ಚೆಗಳ ಕಾಲದಲ್ಲಿ ಇಬ್ಬರೂ ಬ್ರಾಂಕ್ಸ್‌ನ ಪೋ ಉದ್ಯಾನದಲ್ಲಿ ಭೇಟಿಯಾಗುತ್ತಿದ್ದರು. ಭಯಾನಕ ಕಥೆಗಳ ಲೇಖಕ ಎಡ್ಗರ್ ಅಲನ್ ಪೋ ತಮ್ಮ ಕೊನೆಯ ವರ್ಷಗಳಲ್ಲಿ ವಾಸಿಸಿದ ಮನೆ ಈ ಉದ್ಯಾನದಲ್ಲಿದೆ.

ಬ್ಯಾಟ್‌ಮ್ಯಾನ್‌ನ ಮೊದಲ ಕಥೆಯನ್ನು ಫಿಂಗರ್ ಬರೆದರು. ಅದು ಡಿಟೆಕ್ಟಿವ್ ಕಾಮಿಕ್ಸ್ ಪತ್ರಿಕೆಯ 27ನೆಯ ಸಂಚಿಕೆಯಲ್ಲಿ (ಮೇ 1939) ಪ್ರಕಟವಾಯಿತು. ಆರು ಪುಟಗಳ ಈ ಕಥೆಯ ಹಂದರವನ್ನು ಅಂದು ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ದ ಶ್ಯಾಡೋ ಎಂಬ ರೋಚಕ ಕಥಾಮಾಲೆಯ ಕಾದಂಬರಿಯೊಂದರಿಂದ ತೆಗೆದುಕೊಳ್ಳಲಾಗಿತ್ತು. ಕಥೆಯ ಕೊನೆಯಲ್ಲಿ ಖಳನು ಬ್ಯಾಟ್‌ಮ್ಯಾನ್‌ನ ಹೊಡೆತಕ್ಕೆ ಆಮ್ಲದ ತೊಟ್ಟಿಗೆ ಬಿದ್ದು ಸಾಯುತ್ತಾನೆ. ನಾಯಕನಿಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. 33ನೆಯ ಸಂಚಿಕೆಯಲ್ಲಿ (ನವೆಂಬರ್ 1939) ಬಂದ ಎರಡು ಪುಟಗಳ ಪೂರ್ವಕಥೆಯಲ್ಲಿ, ಬಾಲಕ ಬ್ರೂಸ್ ತನ್ನ ಕಣ್ಣೆದುರೇ ತಂದೆತಾಯಿಯ ಕೊಲೆಯನ್ನು ಕಂಡು ಅಪರಾಧಿಗಳ ವಿರುದ್ಧ ಹೋರಾಡುವ ಪ್ರತಿಜ್ಞೆ ಮಾಡುತ್ತಾನೆ. ಮುಂದಿನ ಎಂಟು ದಶಕಗಳ ಬ್ಯಾಟ್‌ಮ್ಯಾನ್ ಕಥೆಗಳು ಈ ಎರಡು ಪುಟಗಳ ಮೇಲೆ ನಿಂತಿವೆ.

ಈ ನಡುವೆ ಕೇನ್ ಪ್ರಕಾಶಕರೊಂದಿಗೆ ಒಪ್ಪಂದ ಮಾಡಿಕೊಂಡು, ಬ್ಯಾಟ್‌ಮ್ಯಾನ್ ಸೃಷ್ಟಿಕರ್ತನೆಂಬ ಮನ್ನಣೆ ತಮಗೊಬ್ಬರಿಗೇ ದೊರೆಯುವಂತೆ ನೋಡಿಕೊಂಡರು. ಫಿಂಗರ್ ಆಗ ಕೇನ್ ಅವರಿಂದ ಸಂಭಾವನೆ ಪಡೆಯುತ್ತಿದ್ದ ಬರಹಗಾರರಾಗಿದ್ದುದರಿಂದ ಒಪ್ಪಂದದಲ್ಲಿ ಅವರಿಗೆ ಯಾವ ಸ್ಥಾನವೂ ಇರಲಿಲ್ಲ. ನಂತರದ ದಿನಗಳಲ್ಲಿ ಅವರು ನೇರವಾಗಿ ಪ್ರಕಾಶನ ಸಂಸ್ಥೆಗೇ ಬರೆಯತೊಡಗಿದರು.

ರಾಬಿನ್, ಜೋಕರ್ ಮತ್ತು ಧಾಟಿಯ ಬದಲಾವಣೆ

ಬ್ಯಾಟ್‌ಮ್ಯಾನ್ ಒಂಟಿಯಾಗಿ ಸಂಚರಿಸುವ ನಾಯಕನಾದ್ದರಿಂದ ಅವನ ಮನಸ್ಸಿನಲ್ಲಿರುವುದನ್ನು ಓದುಗರಿಗೆ ತಿಳಿಸುವುದು ಕಷ್ಟವಾಗಿತ್ತು. ಷರ್ಲಾಕ್ ಹೋಮ್ಸ್‌ಗೆ ವಾಟ್ಸನ್ ಇದ್ದಂತೆ ಬ್ಯಾಟ್‌ಮ್ಯಾನ್‌ಗೂ ಮಾತನಾಡಲು ಒಬ್ಬ ಜೊತೆಗಾರ ಬೇಕೆಂದು ಫಿಂಗರ್ ಭಾವಿಸಿದರು. ಹೀಗೆ ಡಿಟೆಕ್ಟಿವ್ ಕಾಮಿಕ್ಸ್‌ನ 38ನೆಯ ಸಂಚಿಕೆಯಲ್ಲಿ (ಏಪ್ರಿಲ್ 1940) ರಾಬಿನ್ ಬಂದನು. ರಾಬಿನ್ ಹುಡ್‌ನನ್ನು ನೆನಪಿಸುವ ಈ ಹೆಸರನ್ನು ಸೂಚಿಸಿದವರು ಕೇನ್ ಅವರ ಸಹಾಯಕರಾಗಿದ್ದ ಚಿತ್ರಕಾರ ಜೆರ್ರಿ ರಾಬಿನ್ಸನ್. ರಾಬಿನ್‌ನ ಉಡುಪು ಕೆಂಪು, ಹಸಿರು ಮತ್ತು ಹಳದಿ ಬಣ್ಣಗಳದ್ದು. ಅವನು ಹೋರಾಟದ ನಡುವೆಯೂ ಚಟಾಕಿ ಹಾರಿಸುವ ಬಾಲಕ. ಆದರೆ ಅವನ ಪೂರ್ವಕಥೆ ಬ್ಯಾಟ್‌ಮ್ಯಾನ್‌ನದರಷ್ಟೇ ದಾರುಣವಾದುದು. ಸರ್ಕಸ್ಸಿನಲ್ಲಿ ತೂಗುಯ್ಯಾಲೆಯ ಕಸರತ್ತು ಮಾಡುತ್ತಿದ್ದ ಅವನ ಹೆತ್ತವರು ದುಷ್ಕರ್ಮಿಗಳ ಸಂಚಿನಿಂದ ಬಿದ್ದು ಸಾಯುತ್ತಾರೆ. ಹೀಗೆ ಲಘು ಧಾಟಿಯ ಪಾತ್ರವು ಮೂಲಕಥೆಯ ದುಃಖದೊಳಗಿಂದಲೇ ಹುಟ್ಟಿತು. ರಾಬಿನ್ ಬಂದ ನಂತರ ಪತ್ರಿಕೆಯ ಮಾರಾಟ ಬಹಳವಾಗಿ ಹೆಚ್ಚಿತು. ಇತರ ಪ್ರಕಾಶಕರೂ ತಮ್ಮ ನಾಯಕರಿಗೆ ಬಾಲ ಸಹಚರರನ್ನು ಸೇರಿಸತೊಡಗಿದರು.

ಅದೇ ವರ್ಷ ಬ್ಯಾಟ್‌ಮ್ಯಾನ್ ಎಂಬ ಪ್ರತ್ಯೇಕ ಪತ್ರಿಕೆ ಆರಂಭವಾಯಿತು. ಮೊದಲ ಸಂಚಿಕೆಯಲ್ಲಿ ಜೋಕರ್ ಹಾಗೂ ಕ್ಯಾಟ್‌ವುಮನ್ ಪಾತ್ರಗಳು ಕಾಣಿಸಿಕೊಂಡವು. ಜೋಕರ್ ಪಾತ್ರ ಯಾರ ಕಲ್ಪನೆ ಎಂಬ ವಿಷಯದಲ್ಲಿ ಕೇನ್ ಮತ್ತು ರಾಬಿನ್ಸನ್ ಅವರ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ರಾಬಿನ್ಸನ್ ಇಸ್ಪೀಟಿನ ಜೋಕರ್ ಎಲೆಯನ್ನು ಚಿತ್ರಿಸಿದರೆಂಬುದೂ, 1928ರ ದ ಮ್ಯಾನ್ ಹೂ ಲಾಫ್ಸ್ ಚಲನಚಿತ್ರದಲ್ಲಿ ಸದಾ ನಗುವಂತೆ ಕಾಣುವ ಮುಖದ ಪಾತ್ರ ವಹಿಸಿದ್ದ ನಟ ಕಾನ್ರಾಡ್ ವೈಟ್ ಅವರ ಛಾಯಾಚಿತ್ರವನ್ನು ಫಿಂಗರ್ ತಂದುಕೊಟ್ಟರೆಂಬುದೂ ಸಾಮಾನ್ಯವಾಗಿ ಒಪ್ಪಿತವಾಗಿದೆ. ವಿದೂಷಕನ ಮುಖದ ಕೊಲೆಗಾರನಾದ ಜೋಕರ್, ನಗೆ ಮತ್ತು ಭಯ ಎರಡನ್ನೂ ಒಂದೇ ಮುಖದಲ್ಲಿ ಹೊತ್ತಿದ್ದಾನೆ. ಮುಂದೆ ಬ್ಯಾಟ್‌ಮ್ಯಾನ್ ಕಥೆಗಳ ಧಾಟಿ ಯಾವ ಕಡೆಗೆ ವಾಲಿದರೂ ಈ ಪಾತ್ರ ಉಳಿದುಕೊಳ್ಳಲು ಇದು ನೆರವಾಯಿತು.

ಇದೇ ಸಂಚಿಕೆಯ ಮತ್ತೊಂದು ಕಥೆಯಲ್ಲಿ ಬ್ಯಾಟ್‌ಮ್ಯಾನ್ ವಿಮಾನದಿಂದ ಮೆಷಿನ್ ಗನ್ ಹಾರಿಸಿ ವಿರೋಧಿಗಳನ್ನು ಕೊಲ್ಲುತ್ತಾನೆ. ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಇದನ್ನು ಆಕ್ಷೇಪಿಸಿ, ಇನ್ನು ಮುಂದೆ ನಾಯಕನು ಬಂದೂಕು ಬಳಸಕೂಡದು, ಯಾರನ್ನೂ ಕೊಲ್ಲಕೂಡದು ಎಂದು ವಿಧಿಸಿದರು. ಸಂಚಿಕೆಯ ಕೊನೆಯಲ್ಲಿ ಸಾಯಬೇಕಿದ್ದ ಜೋಕರ್‌ನನ್ನು ಬದುಕಿಸಿದ್ದೂ ಎಲ್ಸ್‌ವರ್ತ್ ಅವರ ನಿರ್ಧಾರವೇ. ಈ ಎರಡು ನಿರ್ಧಾರಗಳಿಂದ ಕಥಾಮಾಲೆಯ ಸ್ವರೂಪವೇ ಬದಲಾಯಿತು. ನಾಯಕ ಕೊಲ್ಲುವುದಿಲ್ಲವಾದ್ದರಿಂದ ಖಳರು ಮರಳಿ ಮರಳಿ ಬರತೊಡಗಿದರು. ಒಂದೇ ಖಳನೊಂದಿಗಿನ ವೈರವು ಹಲವು ವರ್ಷಗಳ ಕಾಲ ಬೆಳೆಯಲು ಸಾಧ್ಯವಾಯಿತು. ಮೊದಲಿಗೆ ಹೊರಗಿನಿಂದ ಹೇರಿದ ನಿರ್ಬಂಧವಾಗಿದ್ದ ಈ ನಿಯಮ ಕ್ರಮೇಣ ಬ್ಯಾಟ್‌ಮ್ಯಾನ್‌ನ ನೈತಿಕ ಗುಣವಾಗಿ ಪರಿಣಮಿಸಿತು.

1940ರ ದಶಕದ ಬರವಣಿಗೆ

ಈ ದಶಕದ ಫಿಂಗರ್ ಅವರ ಕಥೆಗಳಲ್ಲಿ ಎರಡೂ ಧಾಟಿಗಳು ಅಕ್ಕಪಕ್ಕದಲ್ಲಿವೆ. 1942ರಲ್ಲಿ ಬಂದ ಟೂ-ಫೇಸ್ ಅವರ ಗಂಭೀರ ಸೃಷ್ಟಿಗಳಲ್ಲೊಂದು. ಆಮ್ಲದಿಂದ ಅರ್ಧ ಮುಖ ವಿಕಾರವಾದ ಪ್ರಾಮಾಣಿಕ ಸರ್ಕಾರಿ ವಕೀಲನೊಬ್ಬನು ಒಳಿತು ಕೆಡುಕುಗಳ ಆಯ್ಕೆಯನ್ನು ನಾಣ್ಯವೊಂದರ ಚಿಮ್ಮುವಿಕೆಗೆ ಒಪ್ಪಿಸುತ್ತಾನೆ. ಮೂರು ಸಂಚಿಕೆಗಳಲ್ಲಿ ಹರಡಿಕೊಂಡ ಅವನ ಮೊದಲ ಕಥೆ 1943ರಲ್ಲಿ ಅವನ ಮುಖ ಮತ್ತು ಮನಸ್ಸು ಎರಡೂ ಸರಿಹೋಗುವುದರೊಂದಿಗೆ ಮುಗಿಯುತ್ತದೆ. 1948ರಲ್ಲಿ ಬರೆದ ಬ್ಯಾಟ್‌ಮ್ಯಾನ್ ಪೂರ್ವಕಥೆಯ ವಿಸ್ತೃತ ರೂಪದಲ್ಲಿ ಫಿಂಗರ್ ಹೆತ್ತವರ ಕೊಲೆಗಾರನಿಗೆ ಜೋ ಚಿಲ್ ಎಂಬ ಹೆಸರು ಕೊಟ್ಟು ಅವನನ್ನು ಬ್ಯಾಟ್‌ಮ್ಯಾನ್‌ಗೆ ಮುಖಾಮುಖಿಯಾಗಿಸಿದರು. 1951ರಲ್ಲಿ ಜೋಕರ್‌ನ ಹಿಂದಿನ ಬದುಕನ್ನು ಮೊದಲ ಬಾರಿಗೆ ತಿಳಿಸಿದ ರೆಡ್ ಹುಡ್ ಕಥೆಯೂ ಅವರದೇ.

ಇದೇ ಕಾಲದಲ್ಲಿ ಅವರು ವಿನೋದ ಪ್ರಧಾನವಾದ ಸಾಹಸಗಳನ್ನೂ ಬರೆದರು. ವಿಚಿತ್ರ ಸಂಗತಿಗಳನ್ನೂ ಕಥಾಬೀಜಗಳನ್ನೂ ಬರೆದಿಡಲು ಅವರ ಬಳಿ ಯಾವಾಗಲೂ ಟಿಪ್ಪಣಿ ಪುಸ್ತಕವಿರುತ್ತಿತ್ತು. ಮನೆಯಷ್ಟು ದೊಡ್ಡ ಬೆರಳಚ್ಚು ಯಂತ್ರ, ಹೊಲಿಗೆ ಯಂತ್ರ, ಸಂಗೀತ ವಾದ್ಯಗಳು ಮುಂತಾದ ಬೃಹತ್ ವಸ್ತುಗಳ ಮೇಲೆ ನಡೆಯುವ ಹೊಡೆದಾಟಗಳು ಅವರ ಕಥೆಗಳ ಗುರುತಾದವು. ಬ್ಯಾಟ್‌ಮ್ಯಾನ್‌ನ ಗುಹೆಯಲ್ಲಿ ಇಂದಿಗೂ ಕಾಣಿಸುವ ಯಾಂತ್ರಿಕ ಡೈನೋಸಾರ್ ಮತ್ತು ಬೃಹತ್ ಪೆನ್ನಿ ನಾಣ್ಯ ಈ ಕಾಲದ ಕಥೆಗಳಿಂದಲೇ ಬಂದವು. 1948ರಲ್ಲಿ ಚಿತ್ರಕಾರ ಡಿಕ್ ಸ್ಪ್ರಾಂಗ್ ಅವರೊಂದಿಗೆ ರೂಪಿಸಿದ ರಿಡ್ಲರ್, ಒಗಟುಗಳ ಮೂಲಕ ತನ್ನ ಅಪರಾಧಗಳ ಸುಳಿವನ್ನು ತಾನೇ ಬಿಟ್ಟುಕೊಡುವ ಖಳ.

ಚಿತ್ರಕಾರರಿಗೆ ನೆರವಾಗಲೆಂದು ಫಿಂಗರ್ ತಮ್ಮ ಬರಹದೊಂದಿಗೆ ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನೂ ಕಳುಹಿಸುತ್ತಿದ್ದರು. ಅವರ ಬರಹದಲ್ಲಿ ದೃಶ್ಯಪ್ರಜ್ಞೆ ಹೆಚ್ಚಾಗಿತ್ತೆಂದು ಸಹೋದ್ಯೋಗಿಗಳು ನೆನಪಿಸಿಕೊಂಡಿದ್ದಾರೆ. ಆದರೆ ಅವರು ನಿಧಾನವಾಗಿ ಬರೆಯುವವರಾಗಿದ್ದು, ಗಡುವಿನೊಳಗೆ ಕಥೆ ಒಪ್ಪಿಸಲು ಅನೇಕ ಬಾರಿ ಸಾಧ್ಯವಾಗುತ್ತಿರಲಿಲ್ಲ. ಸಂಭಾವನೆ ಬರೆದಷ್ಟಕ್ಕೇ ದೊರೆಯುತ್ತಿದ್ದುದರಿಂದ ಹಣದ ಅಡಚಣೆ ಅವರನ್ನು ಕಾಡುತ್ತಲೇ ಇತ್ತು.

ಬ್ಯಾಟ್‌ಮ್ಯಾನ್ ಹೊರತಾಗಿ ಚಿತ್ರಕಾರ ಮಾರ್ಟಿನ್ ನೊಡೆಲ್ ಅವರೊಂದಿಗೆ ಮೂಲ ಗ್ರೀನ್ ಲ್ಯಾಂಟರ್ನ್ ಪಾತ್ರವನ್ನು (1940), ಅರ್ವಿನ್ ಹೇಸನ್ ಅವರೊಂದಿಗೆ ವೈಲ್ಡ್‌ಕ್ಯಾಟ್ ಪಾತ್ರವನ್ನು (1942) ಫಿಂಗರ್ ರೂಪಿಸಿದರು. ರೇಡಿಯೊ ನಾಟಕದಲ್ಲಿ ಹುಟ್ಟಿದ ಕ್ರಿಪ್ಟೊನೈಟ್ ಸೂಪರ್‌ಮ್ಯಾನ್ ಕಾಮಿಕ್ಸ್‌ಗೆ ಬಂದದ್ದು 1949ರಲ್ಲಿ ಅವರು ಬರೆದ ಕಥೆಯ ಮೂಲಕ. ಸೂಪರ್‌ಮ್ಯಾನ್‌ನ ಬಾಲ್ಯದ ಗೆಳತಿ ಲಾನಾ ಲ್ಯಾಂಗ್ ಪಾತ್ರವನ್ನು 1950ರಲ್ಲಿ ಪರಿಚಯಿಸಿದ ಕಥೆಯೂ ಅವರದು.

ಕಾಮಿಕ್ಸ್ ಸಂಹಿತೆ ಮತ್ತು ಲಘು ಕಥೆಗಳ ಕಾಲ

1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ತಮ್, ಕಾಮಿಕ್ಸ್ ಓದುವುದರಿಂದ ಮಕ್ಕಳು ಅಪರಾಧದ ಹಾದಿ ಹಿಡಿಯುತ್ತಾರೆಂದು ವಾದಿಸುವ ಪುಸ್ತಕವನ್ನು ಪ್ರಕಟಿಸಿದರು. ಬ್ಯಾಟ್‌ಮ್ಯಾನ್ ಮತ್ತು ರಾಬಿನ್ ಅವರ ಸಂಬಂಧವನ್ನೂ ಅವರು ಆಕ್ಷೇಪಿಸಿದ್ದರು. ಅದೇ ವರ್ಷ ಅಮೆರಿಕದ ಸೆನೆಟ್ ಉಪಸಮಿತಿಯು ಈ ಬಗ್ಗೆ ವಿಚಾರಣೆ ನಡೆಸಿತು. ಸರ್ಕಾರದ ಕಾನೂನು ಬರುವ ಮುನ್ನವೇ ಪ್ರಕಾಶಕರು ಒಟ್ಟಾಗಿ ಕಾಮಿಕ್ಸ್ ಸಂಹಿತೆಯೊಂದನ್ನು ರೂಪಿಸಿಕೊಂಡು, ಹಿಂಸೆ ಹಾಗೂ ಭಯಾನಕ ವಿಷಯಗಳಿಗೆ ಕಟ್ಟುನಿಟ್ಟಿನ ಮಿತಿ ಹಾಕಿದರು. 1954ರ ನಂತರ ಕ್ಯಾಟ್‌ವುಮನ್ 1966ರವರೆಗೂ, ಟೂ-ಫೇಸ್ 1971ರವರೆಗೂ ಬ್ಯಾಟ್‌ಮ್ಯಾನ್ ಕಥೆಗಳಲ್ಲಿ ಮರಳಿ ಬರಲಿಲ್ಲ.

ಸಂಪಾದಕ ಜ್ಯಾಕ್ ಶಿಫ್ ಅವರ ಕಾಲದ ಬ್ಯಾಟ್‌ಮ್ಯಾನ್ ಕಥೆಗಳಲ್ಲಿ ಅನ್ಯಗ್ರಹ ಜೀವಿಗಳು, ವಿಚಿತ್ರ ರೂಪಾಂತರಗಳು ಮತ್ತು ಕುಟುಂಬದಂತಹ ಸಹಚರರ ಗುಂಪು ತುಂಬಿಕೊಂಡವು. ಫಿಂಗರ್ ಮತ್ತು ಚಿತ್ರಕಾರ ಶೆಲ್ಡನ್ ಮೋಲ್ಡಾಫ್ ಸೇರಿ ಮುಖವಾಡ ಧರಿಸಿದ ನಾಯಿ ಏಸ್ (1955), ಬೇರೊಂದು ಆಯಾಮದಿಂದ ಬಂದ ತುಂಟ ಅಭಿಮಾನಿ ಬ್ಯಾಟ್-ಮೈಟ್ (1959), ಮೊದಲ ಬ್ಯಾಟ್-ಗರ್ಲ್ (1961) ಮುಂತಾದ ಪಾತ್ರಗಳನ್ನು ತಂದರು. ಬ್ಯಾಟ್-ಮೈಟ್ ಕಥೆಗಳಲ್ಲಿ ಬ್ಯಾಟ್‌ಮ್ಯಾನ್‌ನ ಗಾಂಭೀರ್ಯವೇ ಹಾಸ್ಯಕ್ಕೆ ವಸ್ತು. ತನ್ನ ಆರಾಧ್ಯ ನಾಯಕನ ಸಾಹಸಗಳನ್ನು ಇನ್ನಷ್ಟು ರೋಚಕಗೊಳಿಸಲು ಹೊರಟ ಪುಟ್ಟ ಜೀವಿಯೊಂದು ಪ್ರತಿಸಲವೂ ಅವನ ಕೆಲಸ ಕೆಡಿಸುತ್ತದೆ.

ಈ ಅವಧಿಯಲ್ಲೂ ಫಿಂಗರ್ ಗಂಭೀರ ಧಾಟಿಯನ್ನು ಪೂರ್ತಿ ಬಿಡಲಿಲ್ಲ. 1956ರ ಕಥೆಯೊಂದರಲ್ಲಿ ಹೆತ್ತವರ ಕೊಲೆಯ ಹಿಂದಿದ್ದ ಸಂಚನ್ನು ಬ್ಯಾಟ್‌ಮ್ಯಾನ್ ಪತ್ತೆಹಚ್ಚುತ್ತಾನೆ. ಬ್ಯಾಟ್‌ಮ್ಯಾನ್ ಪತ್ರಿಕೆಯ 156ನೆಯ ಸಂಚಿಕೆಯಲ್ಲಿ (ಜೂನ್ 1963) ಬಂದ ರಾಬಿನ್ ಡೈಸ್ ಅಟ್ ಡಾನ್ ಕಥೆ ಇದಕ್ಕೆ ಉತ್ತಮ ನಿದರ್ಶನ. ಅನ್ಯಗ್ರಹವೊಂದರಲ್ಲಿ ತನ್ನನ್ನು ಉಳಿಸಲು ಹೋಗಿ ರಾಬಿನ್ ಸಾಯುವುದನ್ನು ಬ್ಯಾಟ್‌ಮ್ಯಾನ್ ಕಾಣುತ್ತಾನೆ. ಅದು ಬಾಹ್ಯಾಕಾಶ ಪ್ರಯಾಣಕ್ಕೆ ಸಂಬಂಧಿಸಿದ ಏಕಾಂತ ಪ್ರಯೋಗದಲ್ಲಿ ಉಂಟಾದ ಭ್ರಮೆಯೆಂದು ಆಮೇಲೆ ತಿಳಿಯುತ್ತದೆ. ಆದರೆ ಭ್ರಮೆ ಅವನನ್ನು ಬಿಡುವುದಿಲ್ಲ. ನಿಜವಾದ ಹೋರಾಟಗಳ ನಡುವೆಯೂ ಮರುಕಳಿಸಿ ರಾಬಿನ್‌ನ ಪ್ರಾಣಕ್ಕೆ ಅಪಾಯ ತರುತ್ತದೆ. ಅನ್ಯಗ್ರಹ ಕಥೆಗಳ ಸಿದ್ಧ ಸಾಮಗ್ರಿಯನ್ನೇ ಬಳಸಿ, ಸಂಹಿತೆಯ ಮಿತಿಯೊಳಗೇ, ಜೊತೆಗಾರನನ್ನು ಕಳೆದುಕೊಳ್ಳುವ ಭಯವನ್ನು ಈ ಕಥೆ ನಿರೂಪಿಸುತ್ತದೆ.

1964ರಲ್ಲಿ ಜೂಲಿಯಸ್ ಶ್ವಾರ್ಟ್ಸ್ ಸಂಪಾದಕರಾಗಿ ಬಂದು ಬ್ಯಾಟ್‌ಮ್ಯಾನ್‌ಗೆ ಹೊಸ ರೂಪ ಕೊಟ್ಟರು. ಅನ್ಯಗ್ರಹ ಜೀವಿಗಳನ್ನೂ ಹೆಚ್ಚುವರಿ ಸಹಚರರನ್ನೂ ಕೈಬಿಟ್ಟು ಪತ್ತೇದಾರಿಕೆಗೆ ಒತ್ತು ಕೊಡಲಾಯಿತು. ಆ ನಂತರ ಫಿಂಗರ್ ಬರೆದ ಬ್ಯಾಟ್‌ಮ್ಯಾನ್ ಕಥೆಗಳು ಕೆಲವೇ.

ದೂರದರ್ಶನ ಮತ್ತು ಚಲನಚಿತ್ರ

ಫಿಂಗರ್ 77 ಸನ್‌ಸೆಟ್ ಸ್ಟ್ರಿಪ್, ಹವಾಯಿಯನ್ ಐ ಮುಂತಾದ ದೂರದರ್ಶನ ಸರಣಿಗಳಿಗೂ ಬರೆದರು. 1966ರ ಜನವರಿಯಲ್ಲಿ ಆರಂಭವಾದ ಬ್ಯಾಟ್‌ಮ್ಯಾನ್ ದೂರದರ್ಶನ ಸರಣಿಯು ಬೇಕೆಂದೇ ಅತಿರಂಜಿತ ಹಾಸ್ಯದ ಧಾಟಿಯಲ್ಲಿತ್ತು. ಅದರಲ್ಲಿ ಕ್ಲಾಕ್ ಕಿಂಗ್ ಎಂಬ ಖಳನ ಎರಡು ಕಂತುಗಳ ಕಥೆಯನ್ನು (ಅಕ್ಟೋಬರ್ 1966) ಫಿಂಗರ್ ತಮ್ಮ ಗೆಳೆಯ ಚಾರ್ಲ್ಸ್ ಸಿಂಕ್ಲೇರ್ ಅವರೊಂದಿಗೆ ಬರೆದರು. ತೆರೆಯ ಮೇಲಿನ ಬ್ಯಾಟ್‌ಮ್ಯಾನ್ ಕಥೆಗೆ ಅವರ ಜೀವಿತಕಾಲದಲ್ಲಿ ಅವರ ಹೆಸರು ಕಾಣಿಸಿದ್ದು ಇಲ್ಲಿ ಮಾತ್ರ. 1968ರ ದ ಗ್ರೀನ್ ಸ್ಲೈಮ್ ಚಲನಚಿತ್ರದ ಚಿತ್ರಕಥೆಯಲ್ಲೂ ಇಬ್ಬರ ಪಾಲಿದೆ.

ಮನ್ನಣೆಯ ವಿವಾದ

ಶ್ವಾರ್ಟ್ಸ್ 1960ರ ದಶಕದ ಮಧ್ಯದಲ್ಲಿ ಬ್ಯಾಟ್‌ಮ್ಯಾನ್ ಪತ್ರಿಕೆಯ ಓದುಗರ ಪತ್ರಗಳ ಅಂಕಣದಲ್ಲಿ ಫಿಂಗರ್ ಅವರ ಹೆಸರನ್ನು ತಿಳಿಸಿ, ಪ್ರಮುಖ ಖಳಪಾತ್ರಗಳನ್ನು ಸೃಷ್ಟಿಸಿದವರು ಅವರೆಂದು ಬರೆದರು. 1965ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಕಾಮಿಕ್ಸ್ ಅಭಿಮಾನಿಗಳ ಸಮ್ಮೇಳನದಲ್ಲಿ ಫಿಂಗರ್ ಭಾಗವಹಿಸಿದರು. ಅವರನ್ನು ಭೇಟಿಯಾದ ಕಾಮಿಕ್ಸ್ ಇತಿಹಾಸ ಸಂಶೋಧಕ ಜೆರ್ರಿ ಬೇಲ್ಸ್, ಬ್ಯಾಟ್‌ಮ್ಯಾನ್ ರಚನೆಯಲ್ಲಿ ಅವರ ಪಾಲು ಎಷ್ಟೆಂಬುದನ್ನು ಅಭಿಮಾನಿ ಪತ್ರಿಕೆಯೊಂದರಲ್ಲಿ ವಿವರವಾಗಿ ಪ್ರಕಟಿಸಿದರು. ಕೇನ್ ಇದಕ್ಕೆ ಪ್ರತಿಯಾಗಿ ಬಹಿರಂಗ ಪತ್ರ ಬರೆದು, ಬ್ಯಾಟ್‌ಮ್ಯಾನ್‌ನನ್ನು ಸೃಷ್ಟಿಸಿದವರು ತಾವೊಬ್ಬರೇ ಎಂದು ಸಾಧಿಸಿದರು. ಫಿಂಗರ್ ಕಾನೂನಿನ ಮೊರೆ ಹೋಗಲಿಲ್ಲ.

ಫಿಂಗರ್ ನಿಧನರಾದ 15 ವರ್ಷಗಳ ನಂತರ, 1989ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಕೇನ್ ನಿಲುವು ಬದಲಿಸಿದರು. ಫಿಂಗರ್ ಅವರಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂದು ಒಪ್ಪಿಕೊಂಡು, ಅವರ ಹೆಸರನ್ನೂ ಸೇರಿಸಬೇಕಿತ್ತೆಂಬ ವಿಷಾದವನ್ನು ವ್ಯಕ್ತಪಡಿಸಿದರು. ಆದರೆ ಒಪ್ಪಂದದಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಕೇನ್ 1998ರಲ್ಲಿ ನಿಧನರಾದರು.

ವೈಯಕ್ತಿಕ ಜೀವನ ಮತ್ತು ನಿಧನ

ಫಿಂಗರ್ ಎರಡು ಬಾರಿ ವಿವಾಹವಾಗಿದ್ದರು. ಮೊದಲ ಪತ್ನಿ ಪೋರ್ಷಿಯಾ ಅವರಲ್ಲಿ ಫ್ರೆಡ್ ಎಂಬ ಮಗನಿದ್ದನು. 1974ರ ಜನವರಿ 18ರಂದು ಫಿಂಗರ್ ಹೃದಯ ಸಂಬಂಧಿ ಕಾಯಿಲೆಯಿಂದ ಮ್ಯಾನ್‌ಹಟನ್‌ನ ತಮ್ಮ ಮನೆಯಲ್ಲಿ ನಿಧನರಾದರು. ಆಗ ಅವರಿಗೆ 59 ವರ್ಷ. ಅವರನ್ನು ಅನಾಥ ಶವಗಳ ಸ್ಮಶಾನದಲ್ಲಿ ಹೂಳಲಾಯಿತೆಂಬ ವದಂತಿ ಬಹುಕಾಲ ಪ್ರಚಲಿತವಾಗಿತ್ತು. ವಾಸ್ತವದಲ್ಲಿ ಅವರ ದೇಹವನ್ನು ದಹನ ಮಾಡಲಾಗಿತ್ತು. ಮಗನು ಚಿತಾಭಸ್ಮವನ್ನು ಓರೆಗಾನ್ ರಾಜ್ಯದ ಕಡಲತೀರದ ಮರಳಿನಲ್ಲಿ ಬಾವಲಿಯ ಆಕಾರದಲ್ಲಿ ಹರಡಿದನು.

ಪರಂಪರೆ

ಫಿಂಗರ್ ಅವರ ಕೊನೆಯ ವರ್ಷಗಳಲ್ಲಿ ಬ್ಯಾಟ್‌ಮ್ಯಾನ್ ಕಥೆಗಳು ಮತ್ತೆ ಕರಾಳ ಧಾಟಿಗೆ ಮರಳಿದ್ದವು. ಲೇಖಕ ಡೆನ್ನಿಸ್ ಓ'ನೀಲ್ ಮತ್ತು ಚಿತ್ರಕಾರ ನೀಲ್ ಆ್ಯಡಮ್ಸ್ 1973ರಲ್ಲಿ ಜೋಕರ್‌ನನ್ನು ಪುನಃ ಕೊಲೆಗಾರನನ್ನಾಗಿ ಚಿತ್ರಿಸಿದರು. 1986ರಲ್ಲಿ ಫ್ರ್ಯಾಂಕ್ ಮಿಲ್ಲರ್ ಅವರ ದ ಡಾರ್ಕ್ ನೈಟ್ ರಿಟರ್ನ್ಸ್ ಪ್ರಕಟವಾದ ಮೇಲೆ ಕರಾಳ ಧಾಟಿಯೇ ಪ್ರಧಾನವಾಯಿತು. ಆ ಕಾಲದಲ್ಲಿ 1950ರ ದಶಕದ ಕಥೆಗಳನ್ನು ಅನೇಕರು ಮುಜುಗರದಿಂದ ಕಂಡರು. 2000ದ ದಶಕದಲ್ಲಿ ಲೇಖಕ ಗ್ರ್ಯಾಂಟ್ ಮಾರಿಸನ್, ಬ್ಯಾಟ್‌ಮ್ಯಾನ್‌ನ ಎಲ್ಲ ಕಾಲದ ಕಥೆಗಳೂ ಒಬ್ಬನೇ ವ್ಯಕ್ತಿಯ ಬದುಕಿನಲ್ಲಿ ನಡೆದವೆಂದು ಭಾವಿಸಿ ಬರೆದಾಗ ಬ್ಯಾಟ್-ಮೈಟ್ ಮರಳಿ ಬಂದನು. ರಾಬಿನ್ ಡೈಸ್ ಅಟ್ ಡಾನ್ ಕಥೆಯ ಏಕಾಂತ ಪ್ರಯೋಗವು ಹೊಸ ಕಥೆಯ ತಳಹದಿಯಾಯಿತು. 2008ರಲ್ಲಿ ಆರಂಭವಾದ ದ ಬ್ರೇವ್ ಆ್ಯಂಡ್ ದ ಬೋಲ್ಡ್ ಅನಿಮೇಷನ್ ಸರಣಿಯು ಹಳೆಯ ಲಘು ಧಾಟಿಯನ್ನೇ ಆರಿಸಿಕೊಂಡಿತು. ಎರಡೂ ದಿಕ್ಕಿನ ಲೇಖಕರಿಗೆ ಬೇಕಾದ ಸಾಮಗ್ರಿ ಫಿಂಗರ್ ಅವರ ಕಥೆಗಳಲ್ಲಿ ದೊರೆಯಿತು.

ಫಿಂಗರ್ ಅವರಿಗೆ ಮರಣೋತ್ತರವಾಗಿ 1994ರಲ್ಲಿ ಜ್ಯಾಕ್ ಕರ್ಬಿ ಹಾಗೂ 1999ರಲ್ಲಿ ವಿಲ್ ಐಸ್ನರ್ ಹೆಸರಿನ ಗೌರವ ಪಟ್ಟಿಗಳಲ್ಲಿ ಸ್ಥಾನ ದೊರೆಯಿತು. 2005ರಲ್ಲಿ ಜೆರ್ರಿ ರಾಬಿನ್ಸನ್ ಅವರ ಪ್ರಯತ್ನದಿಂದ, ತಕ್ಕ ಮನ್ನಣೆ ಪಡೆಯದ ಕಾಮಿಕ್ಸ್ ಲೇಖಕರಿಗಾಗಿ ಬಿಲ್ ಫಿಂಗರ್ ಪ್ರಶಸ್ತಿ ಸ್ಥಾಪನೆಯಾಯಿತು. ಸ್ಯಾನ್ ಡಿಯೇಗೊ ಕಾಮಿಕ್-ಕಾನ್ ಸಮ್ಮೇಳನದಲ್ಲಿ ಇದನ್ನು ಪ್ರದಾನ ಮಾಡಲಾಗುತ್ತದೆ. ಸೂಪರ್‌ಮ್ಯಾನ್‌ನ ಸಹಸೃಷ್ಟಿಕರ್ತ ಜೆರ್ರಿ ಸೀಗೆಲ್ ಮೊದಲ ವರ್ಷದ ಪುರಸ್ಕೃತರಲ್ಲಿ ಒಬ್ಬರು.

ಲೇಖಕ ಮಾರ್ಕ್ ಟೈಲರ್ ನೋಬಲ್‌ಮನ್ ಹಲವು ವರ್ಷಗಳ ಸಂಶೋಧನೆ ನಡೆಸಿ 2012ರಲ್ಲಿ ಫಿಂಗರ್ ಅವರ ಸಚಿತ್ರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಫಿಂಗರ್ ಅವರಿಗೆ ವಾರಸುದಾರರು ಯಾರೂ ಉಳಿದಿಲ್ಲವೆಂಬ ನಂಬಿಕೆಯಿತ್ತು. ಮೊಮ್ಮಗಳು ಅಥೀನಾ ಫಿಂಗರ್ ಇರುವುದನ್ನು ನೋಬಲ್‌ಮನ್ ಪತ್ತೆಮಾಡಿದರು. ಮನ್ನಣೆಗಾಗಿ ಕುಟುಂಬದವರು ಮುಂದಿಟ್ಟ ಬೇಡಿಕೆಯ ಫಲವಾಗಿ, ಕೇನ್ ಅವರ ಹೆಸರಿನೊಂದಿಗೆ ಫಿಂಗರ್ ಅವರ ಹೆಸರನ್ನೂ ಸೇರಿಸುವುದಾಗಿ ಡಿಸಿ ಸಂಸ್ಥೆಯು 2015ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಅದೇ ವರ್ಷದ ಅಕ್ಟೋಬರ್‌ನಿಂದ ಕಾಮಿಕ್ಸ್ ಪುಸ್ತಕಗಳಲ್ಲೂ, 2016ರ ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್ ಚಲನಚಿತ್ರದಲ್ಲೂ ಈ ಸಾಲು ಕಾಣಿಸಿಕೊಂಡಿತು. ಈ ಹೋರಾಟವನ್ನು ಕುರಿತ ಬ್ಯಾಟ್‌ಮ್ಯಾನ್ ಆ್ಯಂಡ್ ಬಿಲ್ ಎಂಬ ಸಾಕ್ಷ್ಯಚಿತ್ರ 2017ರಲ್ಲಿ ಬಿಡುಗಡೆಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬ್ರಾಂಕ್ಸ್‌ನ ಪೋ ಉದ್ಯಾನದ ಬಳಿಯ ರಸ್ತೆಯೊಂದಕ್ಕೆ ಬಿಲ್ ಫಿಂಗರ್ ವೇ ಎಂದು ಹೆಸರಿಡಲಾಯಿತು.